ಸಣ್ಣ ಕಾರಿನ ಸಸ್ಪೆನ್ಷನ್, ಚಕ್ರಗಳ ಬದಲಾವಣೆ: ಹಿಂದಿನ ಹೊರೆಯೇ ತೀರ್ಮಾನಿಸಿದ ಒಂದು ಪ್ರಕರಣ

ಕಾರು ಐದು ಬಾಗಿಲಿನ ಸಣ್ಣ ಹ್ಯಾಚ್‌ಬ್ಯಾಕ್. ಮುಂದಿನ ಚಕ್ರಗಳೇ ಎಳೆಯುವ ಕಾರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿ ಸೇರಿದ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ). ಹಿಂದಿನ ಸ್ಪ್ರಿಂಗ್ ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಕೂತಿರುವ ಸಾಮಾನ್ಯ ಜೋಡಣೆ. ಏಳು ವರ್ಷ ಹಳೆಯದು, ಓಡಿರುವುದು 78,000 ಕಿ.ಮೀ. ಕಂಪನಿಯ ಚಕ್ರ 5ಜೆ (5 ಇಂಚು) ಅಗಲದ 14 ಇಂಚಿನ ಸ್ಟೀಲ್ ರಿಮ್, ಆಫ್‌ಸೆಟ್ 45 ಮಿ.ಮೀ., ನಾಲ್ಕು ನಟ್, ಪಿ.ಸಿ.ಡಿ. (ನಟ್‌ಗಳು ಕೂರುವ ವೃತ್ತದ ವ್ಯಾಸ) 100 ಮಿ.ಮೀ., ಹಬ್ (ರಿಮ್ ಬಂದು ಕೂರುವ ಕಾರಿನ ಭಾಗ) ವ್ಯಾಸ 54.1 ಮಿ.ಮೀ. ಟೈರ್ 165/70 ಆರ್14 81ಟಿ: ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ 70%, ರಿಮ್ 14 ಇಂಚು, 81 ಹೊರೆಯ ಸೂಚ್ಯಂಕ, ಟಿ ವೇಗದ ಸೂಚಕ.

ಮಾಲೀಕರ ದೂರು ಮೂರು. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ. ಒಬ್ಬರೇ ಇದ್ದಾಗ ಹಿಂಭಾಗ ಕುಣಿಯುತ್ತದೆ, ಐದು ಜನ ಕೂತಾಗ ಗುಂಡಿಯಲ್ಲಿ ಧಡ್ ಎಂದು ಕುಕ್ಕುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ನಂಬಿಕೆ ಬರುವುದಿಲ್ಲ. ಪರಿಹಾರವನ್ನೂ ಅವರೇ ಆರಿಸಿಕೊಂಡಿದ್ದರು: 6.5ಜೆ ಅಗಲದ 16 ಇಂಚಿನ ಅಲಾಯ್ ಚಕ್ರ, 195/45 ಆರ್16 ಟೈರ್, ಜೊತೆಗೆ ಕಾರನ್ನು 35 ಮಿ.ಮೀ. ಇಳಿಸುವ ಗಟ್ಟಿ ಸ್ಪ್ರಿಂಗ್. ಶಾಕ್‌ಗಳನ್ನು "ಸೋರುತ್ತಿಲ್ಲವಲ್ಲ" ಎಂದು ಹಾಗೇ ಉಳಿಸುವ ಯೋಚನೆಯಿತ್ತು.

ಈ ಪಟ್ಟಿ ನೋಡಲು ಚೆನ್ನಾಗಿದೆ, ಕಾರಿಗೆ ಒಗ್ಗುವುದಿಲ್ಲ. ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ಸಿಗುವುದು ತೂಕದ ಲೆಕ್ಕದಲ್ಲಿ.

ತೂಕದ ಲೆಕ್ಕ

ಖಾಲಿ ಕಾರಿನ ತೂಕ 920 ಕೆ.ಜಿ. ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 570, ಹಿಂದಿನ ಆಕ್ಸಲ್ ಮೇಲೆ 350. ಐದು ಜನ ಕೂತು ಡಿಕ್ಕಿ ತುಂಬಿದರೆ ಒಟ್ಟು 1,350 ಕೆ.ಜಿ. ಆಗ ಮುಂದೆ 680, ಹಿಂದೆ 670. ಮುಂದಿನ ಹೊರೆ ಐದರಲ್ಲಿ ಒಂದು ಭಾಗದಷ್ಟು ಏರಿದರೆ, ಹಿಂದಿನದು ಹತ್ತಿರ ಹತ್ತಿರ ಎರಡು ಪಟ್ಟಾಯಿತು. ದೊಡ್ಡ, ಭಾರದ ಕಾರಿನಲ್ಲಿ ಇಷ್ಟು ಅಂತರ ಇರುವುದಿಲ್ಲ. ಕಾರು ಹಗುರವಾದಷ್ಟೂ ಜನರ ತೂಕ ಅದಕ್ಕೆ ದೊಡ್ಡದಾಗುತ್ತದೆ. ಸಣ್ಣ ಕಾರಿನ ಸಸ್ಪೆನ್ಷನ್ ಬಗ್ಗೆ ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವನ್ನೂ ಈ ಒಂದು ಸಂಗತಿಯ ಎದುರು ಇಟ್ಟು ನೋಡಬೇಕು.

ಚಕ್ರ, ಬ್ರೇಕ್, ಬೀಮ್‌ನ ಪಾಲು ಸೇರಿ ಹಿಂದೆ ಸ್ಪ್ರಿಂಗ್‌ನ ಕೆಳಗಿರುವ ತೂಕ ಸುಮಾರು 70 ಕೆ.ಜಿ. ಅದನ್ನು ಕಳೆದರೆ ಒಂದೊಂದು ಹಿಂದಿನ ಸ್ಪ್ರಿಂಗ್ ಹೊರುವುದು ಖಾಲಿಯಲ್ಲಿ 140 ಕೆ.ಜಿ., ತುಂಬಿದಾಗ 300 ಕೆ.ಜಿ. ಚಕ್ರದ ಬಳಿ ಅಳೆದ ಸ್ಪ್ರಿಂಗ್ ಬಿಗಿತ ಮಿಲಿಮೀಟರಿಗೆ 22 ನ್ಯೂಟನ್. ಹೆಚ್ಚುವರಿ 160 ಕೆ.ಜಿ. ಅಂದರೆ ಸುಮಾರು 1,570 ನ್ಯೂಟನ್. ಹಿಂಭಾಗ 71 ಮಿ.ಮೀ. ತಗ್ಗುತ್ತದೆ. ಖಾಲಿ ನಿಲುವಿನಿಂದ ಬಂಪ್ ಸ್ಟಾಪ್ (ಸಸ್ಪೆನ್ಷನ್ ಕೊನೆ ಮುಟ್ಟಿದಾಗ ಹೊಡೆತ ತಡೆಯುವ ಫೋಮ್ ಮೆತ್ತೆ) ಪೂರ್ತಿ ಹಿಸುಕಿಹೋಗುವವರೆಗೆ ಈ ಕಾರಿನಲ್ಲಿ ಇರುವ ಜಾಗ 120 ಮಿ.ಮೀ. ಹಾಗಾಗಿ ತುಂಬಿದ ಕಾರಿಗೆ ಗುಂಡಿ ಎದುರಿಸಲು ಉಳಿಯುವುದು 49 ಮಿ.ಮೀ. ನಿಜವಾಗಿ ಬಂಪ್ ಸ್ಟಾಪ್ ಅದಕ್ಕಿಂತ ಮೊದಲೇ ತಾಗಿ ಸ್ವಲ್ಪ ಹೊರೆ ಹೊರಲು ಶುರುಮಾಡುತ್ತದೆ. ಹೋಲಿಕೆಗೆ ಈ ಸರಳ ಲೆಕ್ಕ ಸಾಕು.

ಈಗ 35 ಮಿ.ಮೀ. ಇಳಿಸುವ, 30% ಗಟ್ಟಿಯಾದ ಸ್ಪ್ರಿಂಗ್ ಹಾಕಿ. ಬಿಗಿತ 28.6 ಆಯಿತು, ಅದೇ ಹೊರೆಗೆ ತಗ್ಗುವುದು 55 ಮಿ.ಮೀ. ಆದರೆ 35 ಮೊದಲೇ ಹೋಗಿದೆ. ಉಳಿಯುವುದು 30 ಮಿ.ಮೀ. ಸ್ಪ್ರಿಂಗ್ ಗಟ್ಟಿಯಾದರೂ ಗುಂಡಿಯಲ್ಲಿ ಕುಕ್ಕುವುದು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಮಾಲೀಕರ ಎರಡನೇ ದೂರಿನ ಅರ್ಧಕ್ಕೆ ಅವರು ಆರಿಸಿದ ಮದ್ದೇ ವಿರುದ್ಧ.

ಇನ್ನರ್ಧ, ಅಂದರೆ ಖಾಲಿ ಕಾರಿನ ಕುಣಿತ, ಕಂಪನದ ವೇಗಕ್ಕೆ ಸಂಬಂಧಿಸಿದ್ದು. 22 ನ್ಯೂಟನ್ ಬಿಗಿತದ ಮೇಲೆ 140 ಕೆ.ಜಿ. ಕೂತರೆ ಹಿಂಭಾಗ ಸೆಕೆಂಡಿಗೆ ಸುಮಾರು ಎರಡು ಬಾರಿ ಮೇಲೆ ಕೆಳಗೆ ಆಡಲು ಬಯಸುತ್ತದೆ. 300 ಕೆ.ಜಿ. ಕೂತರೆ 1.4 ಬಾರಿ. ಮುಂಭಾಗ ಎರಡೂ ಸ್ಥಿತಿಯಲ್ಲಿ 1.4ರ ಆಸುಪಾಸಿನಲ್ಲೇ ಇರುತ್ತದೆ. ಒಬ್ಬರೇ ಓಡಿಸುವಾಗ ಹಿಂದಿನ ಸೀಟಿನ ಕಡೆ ಚುರುಕಾಗಿ ಕುಣಿದಂತೆ ಅನಿಸುವುದು ಇದಕ್ಕೇ. ತುಂಬಿದಾಗ ತಡೆಯಬೇಕಾದ ಸ್ಪ್ರಿಂಗ್ ಖಾಲಿಯಲ್ಲಿ ಗಟ್ಟಿ ಅನಿಸಲೇಬೇಕು. ಬಿಗಿತ 30% ಏರಿಸಿದರೆ ಆ ಎರಡು 2.27 ಆಗುತ್ತದೆ, ಕುಣಿತ ಇನ್ನಷ್ಟು ಚುರುಕಾಗುತ್ತದೆ. ಅದನ್ನು ಹಿಡಿಯಲು ಬಲವಾದ ಶಾಕ್ ಬೇಕು. ಇಲ್ಲಿ ಉಳಿಸಿಕೊಳ್ಳಲು ಹೊರಟಿದ್ದು 78,000 ಕಿ.ಮೀ. ದುಡಿದ ಹಳೆಯ ಶಾಕ್.

ಮುಂಭಾಗದಲ್ಲಿ ಇಳಿಸುವುದರ ತೊಂದರೆ ಬೇರೆ ಥರದ್ದು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದಾಗ ಲೋವರ್ ಆರ್ಮ್‌ನ (ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳ ತೋಳು) ಒಳತುದಿ ಕೆಳಗಿಳಿದು, ಚಕ್ರದ ಕಡೆಯ ತುದಿ ಅದಕ್ಕಿಂತ ಮೇಲಾಗಿಬಿಡುತ್ತದೆ. ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಕಾಲ್ಪನಿಕ ಬಿಂದು, ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆ. ಅದು ಉದ್ದವಾಗುತ್ತದೆ. ತಗ್ಗಿಸಿದ್ದರಿಂದ ಬಂದ ಲಾಭದ ಒಂದು ಪಾಲು ಹೀಗೆ ಕರಗಿಹೋಗುತ್ತದೆ, ಸ್ಪ್ರಿಂಗ್‌ನ ಗಟ್ಟಿತನವೇ ಅದನ್ನು ತುಂಬಿಕೊಡಬೇಕಾಗುತ್ತದೆ. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನವೂ ಬದಲಾಗುವುದರಿಂದ ಉಬ್ಬು ತಗ್ಗಿನಲ್ಲಿ ಚಕ್ರ ತಾನಾಗಿ ಎಡಬಲ ತಿರುಗುವ ಚಾಳಿ ಹೆಚ್ಚುತ್ತದೆ.

ಸ್ಪ್ರಿಂಗ್ ಸುರುಳಿ ಕತ್ತರಿಸಿ ಇಳಿಸುವ ಮಾತೂ ಒಮ್ಮೆ ಬಂತು. ಅದನ್ನು ಯಾವ ಕಾರಿಗೂ ಮಾಡಬಾರದು. ಕತ್ತರಿಸಿದ ತುದಿ ಸ್ಪ್ರಿಂಗ್ ಸೀಟಿನಲ್ಲಿ (ಸ್ಪ್ರಿಂಗ್ ಕೂರುವ ತಟ್ಟೆ) ಕೂರುವುದಿಲ್ಲ. ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲಗೊಂಡು ಜಾಗ ಬಿಟ್ಟು ಬರಬಹುದು. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಿದರೆ ಉಕ್ಕಿನ ಹದವೇ ಹೋಗಿ ಅಲ್ಲಿಂದ ಮುರಿಯುತ್ತದೆ.

ಜಾಕ್ ಹಾಕಿ ನೋಡಿದಾಗ ಕಂಡದ್ದು

ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಪುಟಿಯುತ್ತದೆ ಎಂದು ಎಣಿಸುವ ಪರೀಕ್ಷೆಯಲ್ಲಿ ಈ ಕಾರು ಪಾಸಾಯಿತು. ಆ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸೋತದ್ದನ್ನು ಹಿಡಿಯುವುದಿಲ್ಲ. ನಿಜ ಹೇಳಿದ್ದು ಟೈರ್‌ಗಳು. ಹಿಂದಿನ ಎರಡೂ ಟೈರ್‌ಗಳ ಒಳ ಅಂಚಿನಲ್ಲಿ ಅಂಗೈ ಸವರಿದರೆ ಅಲೆಅಲೆಯಾಗಿ ತಾಗುವ ಸವೆತವಿತ್ತು. ಚಕ್ರ ರಸ್ತೆ ಬಿಟ್ಟು ಮತ್ತೆ ತಾಗುತ್ತ ಓಡಿದಾಗ ಹೀಗಾಗುತ್ತದೆ. ಬಿಚ್ಚಿ ನೆಟ್ಟಗೆ ಹಿಡಿದು ಎಳೆದಾಗ ಹಿಂದಿನ ಎಡ ಶಾಕ್‌ನಲ್ಲಿ ಮೊದಲ ಒಂದು ಸೆಂಟಿಮೀಟರ್ ಯಾವ ತಡೆಯೂ ಇರಲಿಲ್ಲ, ಆಮೇಲೆ ಹಿಡಿಯಿತು. ಒಳಗಿನ ವಾಲ್ವ್ ಸವೆದಿದೆ, ಇಲ್ಲವೇ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ ಎಂಬುದರ ಗುರುತು ಅದು. ಶಾಕ್ ಮೈಮೇಲೆ ತೆಳುವಾದ ಎಣ್ಣೆ ಮಬ್ಬು ಇರುವುದು ಸಹಜ. ತೊಟ್ಟಿಕ್ಕುವಷ್ಟಾದರೆ ಮಾತ್ರ ಸೋರಿಕೆ. ಆದರೆ ಸೋರದ ಶಾಕ್ ಸರಿಯಾಗಿದೆ ಎಂದೇನಲ್ಲ.

ಮುಂದೆ ಬಲಗಡೆ ಲೋವರ್ ಆರ್ಮ್‌ನ ಹಿಂದಿನ ಬುಷ್ (ರಬ್ಬರ್ ಕೀಲು) ಹರಿದಿತ್ತು. ಬ್ರೇಕ್ ಒತ್ತಿದಾಗ ಆರ್ಮ್ ಹಿಂದಕ್ಕೆ ಸರಿದು ಕಾರು ಸ್ವಲ್ಪ ಎಳೆಯುತ್ತಿದ್ದುದು ಇದರಿಂದ. ಎರಡೂ ಬದಿಯ ಬಂಪ್ ಸ್ಟಾಪ್‌ಗಳ ಫೋಮ್ ಪುಡಿಪುಡಿಯಾಗಿತ್ತು. ತುಂಬಿದ ಕಾರು ಕುಕ್ಕುತ್ತಿದ್ದ ಸದ್ದಿಗೆ ದೊಡ್ಡ ಕಾರಣವೇ ಇದು. ಟೈರ್ ಪಕ್ಕದ ನಾಲ್ಕಂಕಿಯ ತಯಾರಿಕೆ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಕಾರಿನಷ್ಟೇ ಹಳೆಯವು. ಗೀರಿನ ಆಳ 2.5 ಮಿ.ಮೀ. ಉಳಿದಿತ್ತು, 1.6 ಮಿ.ಮೀ.ನ ಸವೆತ ಸೂಚಕ ಇನ್ನೂ ತಾಗಿರಲಿಲ್ಲ. ಆದರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಕೂದಲೆಳೆಯ ಬಿರುಕು ಎದ್ದಿತ್ತು. ಒದ್ದೆ ರಸ್ತೆಯ ದೂರಿಗೆ ಬೇರೆ ವಿವರಣೆ ಬೇಕಿಲ್ಲ.

ಸ್ಪ್ರಿಂಗ್‌ಗಳು ಚೆನ್ನಾಗಿದ್ದವು. ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದಾಗ ಎಡಕ್ಕೂ ಬಲಕ್ಕೂ 2 ಮಿ.ಮೀ. ವ್ಯತ್ಯಾಸ, ಎರಡೂ ಕೈಪಿಡಿಯ ಮಿತಿಯೊಳಗೆ. ಈ ಅಳತೆಯನ್ನು ನೆಲದಿಂದ ಫೆಂಡರಿಗೆ ತೆಗೆಯಬಾರದು. ಟೈರ್ ಸವೆತ, ಗಾಳಿ ಎಲ್ಲ ಅದರಲ್ಲಿ ಸೇರಿಕೊಂಡುಬಿಡುತ್ತವೆ.

ಚಕ್ರ, ಟೈರ್: ಯಾವ ಅಳತೆ?

ಮೊದಲ ನಿಯಮ ಹೊರ ವ್ಯಾಸ. 165/70 ಆರ್14ರ ಲೆಕ್ಕ: ಪಕ್ಕದ ಎತ್ತರ 165ರ 70%, ಅಂದರೆ 115.5 ಮಿ.ಮೀ. ಎರಡು ಬದಿಗೆ 231, ರಿಮ್ 355.6. ಒಟ್ಟು 586.6 ಮಿ.ಮೀ. ಇದಕ್ಕೆ ಹೋಲಿಸಿದರೆ 185/60 ಆರ್15 ಟೈರ್ 603 ಮಿ.ಮೀ., 2.8% ದೊಡ್ಡದು. ಅದನ್ನು ಹಾಕಿದರೆ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ, ಪ್ರತಿ ಗೇರ್ ಅಷ್ಟೇ ಉದ್ದವಾಗಿ ಸಣ್ಣ ಎಂಜಿನ್ ಏರಿನಲ್ಲಿ ಏದುತ್ತದೆ. 195/50 ಆರ್15 576 ಮಿ.ಮೀ., 1.8% ಚಿಕ್ಕದು. 185/55 ಆರ್15 584.5 ಮಿ.ಮೀ., ವ್ಯತ್ಯಾಸ 0.4% ಮಾತ್ರ. ಮಾಲೀಕರು ಬಯಸಿದ 195/45 ಆರ್16 ಕೂಡ 581.9 ಮಿ.ಮೀ., 0.8% ವ್ಯತ್ಯಾಸ. ವ್ಯಾಸದ ಪರೀಕ್ಷೆಯಲ್ಲಿ ಅದಕ್ಕೂ ತೊಂದರೆಯಿಲ್ಲ. ಸೋಲುವುದು ಉಳಿದ ಕಡೆ.

ಹೊರೆ ಸೂಚ್ಯಂಕ ನೋಡಿ. ಕಂಪನಿಯ 81 ಅಂದರೆ ಒಂದು ಟೈರಿಗೆ 462 ಕೆ.ಜಿ. 195/45 ಆರ್16ರ ಸಾಮಾನ್ಯ ಟೈರ್ 80, ಅಂದರೆ 450 ಕೆ.ಜಿ. ತುಂಬಿದ ಕಾರಿನ ಒಂದು ಚಕ್ರದ ಮೇಲೆ ಬೀಳುವುದು 340 ಕೆ.ಜಿ. ತಾನೇ ಎನ್ನಬಹುದು. ಆ ಹೆಚ್ಚುವರಿ ಸಾಮರ್ಥ್ಯ ಇರುವುದು ಗುಂಡಿಯ ಹೊಡೆತ, ತಿರುವಿನಲ್ಲಿ ಒಂದೇ ಬದಿಗೆ ಸರಿಯುವ ಭಾರ, ಕಡಿಮೆ ಗಾಳಿಯ ದಿನಗಳಿಗಾಗಿ. ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬಾರದು. ಅದೇ ಅಳತೆಯ ಎಕ್ಸ್‌ಎಲ್ (ಹೆಚ್ಚು ಹೊರೆಗೆ ಬಲಪಡಿಸಿದ) ಟೈರ್ 84, ಅಂದರೆ 500 ಕೆ.ಜಿ. ಹೊರುತ್ತದೆ. ಆದರೆ ಆ ಸಾಮರ್ಥ್ಯ ಹೆಚ್ಚಿನ ಗಾಳಿಯಲ್ಲಿ ಮಾತ್ರ. ಹಳೆಯ ಟೈರ್ 32 ಪಿಎಸ್‌ಐನಲ್ಲಿ ಹೊರುತ್ತಿದ್ದಷ್ಟನ್ನು ಹೊರಲು ಎಕ್ಸ್‌ಎಲ್‌ಗೆ 33ರಿಂದ 34 ಪಿಎಸ್‌ಐ ಬೇಕು. ಎಕ್ಸ್‌ಎಲ್ ಹಾಕಿದವರು ಹಳೆಯ ಸ್ಟಿಕ್ಕರ್ ನೋಡಿ ಗಾಳಿ ಹಾಕಿಸುತ್ತ ಹೋಗುವುದು ತೀರಾ ಸಾಮಾನ್ಯ ತಪ್ಪು. 185/55 ಆರ್15 82 ಅಂದರೆ 475 ಕೆ.ಜಿ. ಗಾಳಿ ಮೊದಲಿನಷ್ಟೇ ಸಾಕು.

ಇನ್ನು ತೂಕ. ತಕ್ಕಡಿಗೆ ಹಾಕಿದಾಗ ಹಳೆಯ ಸ್ಟೀಲ್ ರಿಮ್ ಮತ್ತು ಟೈರ್ ಸೇರಿ 13.2 ಕೆ.ಜಿ. ಆಯ್ಕೆಯಾದ 15 ಇಂಚಿನ ಅಲಾಯ್ 6.3, ಟೈರ್ 7.6, ಒಟ್ಟು 13.9. ಮಾಲೀಕರು ನೋಡಿಟ್ಟಿದ್ದ 16 ಇಂಚಿನ ಅಲಾಯ್ ಒಂದೇ 9 ಕೆ.ಜಿ., ಟೈರ್ ಸೇರಿ 17.2. ಅಲಾಯ್ ಅಂದರೆ ಹಗುರ ಎಂಬ ನಂಬಿಕೆ ಇಲ್ಲಿ ಪೂರ್ತಿ ಸುಳ್ಳಾಗುತ್ತದೆ. ಎರಕ ಹೊಯ್ದ ಅಗ್ಗದ ದೊಡ್ಡ ರಿಮ್‌ನ ದಪ್ಪವೆಲ್ಲ ಹೊರ ಅಂಚಿನಲ್ಲೇ ಇರುತ್ತದೆ. ಹಿಂದಿನ ಒಂದು ಚಕ್ರದ ಬಳಿ ಸ್ಪ್ರಿಂಗ್ ಕೆಳಗಿನ ತೂಕ 35 ಕೆ.ಜಿ. ಇರುವಾಗ 4 ಕೆ.ಜಿ. ಸೇರಿಸುವುದೆಂದರೆ 11% ಏರಿಕೆ. ಆ ಚಕ್ರವನ್ನು ರಸ್ತೆಗೆ ಒತ್ತಿ ಹಿಡಿಯಲು ಮೇಲಿರುವುದು ಬರೇ 140 ಕೆ.ಜಿ. ಭಾರದ ಕಾರಿನಲ್ಲಿ ಗೊತ್ತೇ ಆಗದ 4 ಕೆ.ಜಿ. ಇಲ್ಲಿ ಪ್ರತಿ ಉಬ್ಬಿನಲ್ಲೂ ಗೊತ್ತಾಗುತ್ತದೆ. ಚಕ್ರ ಕೊಳ್ಳುವಾಗ ವಿನ್ಯಾಸಕ್ಕಿಂತ ಮೊದಲು ತೂಕ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ತಕ್ಕಡಿ ಕೇಳಿ.

ಪಕ್ಕದ ಎತ್ತರ 115.5ರಿಂದ 15 ಇಂಚಿನಲ್ಲಿ 101.8ಕ್ಕೆ, 16 ಇಂಚಿನಲ್ಲಿ 87.8ಕ್ಕೆ ಇಳಿಯುತ್ತದೆ. ಗುಂಡಿಯ ಚೂಪು ಅಂಚಿಗೂ ರಿಮ್‌ಗೂ ನಡುವೆ ಇರುವುದು ಅಷ್ಟೇ ರಬ್ಬರ್. ಅಗಲವಾದಷ್ಟೂ ಹಿಡಿತ ಹೆಚ್ಚು ಎಂಬುದೂ ಅರ್ಧ ಸತ್ಯ. ಟೈರ್ ನೆಲಕ್ಕೆ ಊರುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹೊರೆ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ. ನಿಂತ ನೀರಿನಲ್ಲಿ ಮಾತ್ರ ನಷ್ಟ: ಹಗುರ ಕಾರು ಅಗಲ ಟೈರಿನ ಮೇಲೆ ಬೇಗ ತೇಲಲು ಶುರುಮಾಡುತ್ತದೆ. ಒದ್ದೆ ರಸ್ತೆಯ ದೂರು ಹೊತ್ತು ಬಂದವರು 195ಕ್ಕೆ ಹೋಗಬೇಕಿಲ್ಲ. ಒದ್ದೆ ಹಿಡಿತಕ್ಕೆ ಒಳ್ಳೆಯ ದರ್ಜೆ ಪಡೆದ 185 ಸಾಕು.

ಆಫ್‌ಸೆಟ್

ಹೆಚ್ಚು ಜನ ಎಡವುವ ಜಾಗ ಇದು. ಆಫ್‌ಸೆಟ್ ಎಂದರೆ ರಿಮ್ ಹಬ್‌ಗೆ ತಾಗುವ ಮುಖ ರಿಮ್‌ನ ನಡುಗೆರೆಯಿಂದ ಹೊರಗಡೆಗೆ ಎಷ್ಟು ದೂರ ಇದೆ ಎಂಬುದು. ಆ ಅಂಕಿ ಕಡಿಮೆಯಾದಂತೆ ಚಕ್ರ ಹೊರಗೆ ಬರುತ್ತದೆ. ಆದರೆ ಅಗಲವೂ ಬದಲಾದಾಗ ಆಫ್‌ಸೆಟ್ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. 165 ಟೈರ್ 5ಜೆ ರಿಮ್ ಮೇಲೆ ಉಬ್ಬಿ ನಿಲ್ಲುವ ನಿಜ ಅಗಲ 170 ಮಿ.ಮೀ., 185/55 ಟೈರ್ 6ಜೆ ಮೇಲೆ 194 ಮಿ.ಮೀ. ಹಳೆಯ ಚಕ್ರದಲ್ಲಿ ಹಬ್ ಮುಖದಿಂದ ಒಳಗಡೆಗೆ 85 ಕೂಡಿಸು 45, ಅಂದರೆ 130 ಮಿ.ಮೀ. ಹೊರಗಡೆಗೆ 85 ಕಳೆ 45, ಅಂದರೆ 40 ಮಿ.ಮೀ. ಹೊಸ ಚಕ್ರದ ಆಫ್‌ಸೆಟ್ 40 ಆದರೆ ಒಳಗೆ 137, ಹೊರಗೆ 57. ಹೀಗೆ ಸ್ಟ್ರಟ್ ಕಡೆಗೆ 7 ಮಿ.ಮೀ., ಫೆಂಡರ್ ಕಡೆಗೆ 17 ಮಿ.ಮೀ. ಹೆಚ್ಚಾಯಿತು. ಅದೇ ಆಫ್‌ಸೆಟ್ 45 ಇಟ್ಟುಕೊಂಡರೆ ಎರಡೂ ಕಡೆ 12.

ಟೈರ್‌ಗೂ ಸ್ಟ್ರಟ್‌ಗೂ ನಡುವೆ ಮೊದಲು 19 ಮಿ.ಮೀ. ಇತ್ತು. ಆಫ್‌ಸೆಟ್ 45ರಲ್ಲಿ 7 ಉಳಿಯುತ್ತದೆ, 40ರಲ್ಲಿ 12. 5 ಮಿ.ಮೀ.ಗಿಂತ ಕಡಿಮೆ ಯಾವತ್ತೂ ಬೇಡ, ಏಕೆಂದರೆ ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಾಗುತ್ತದೆ, ಕೆಸರು ಗಟ್ಟಿಯಾಗಿ ಕೂರುತ್ತದೆ. ಹೊರಗಡೆ ಫೆಂಡರ್ ಒಳ ಅಂಚಿಗೆ ಸಾಕಷ್ಟು ಜಾಗವಿದ್ದುದರಿಂದ 40 ಆರಿಸಿದ್ದಾಯಿತು. 35ಕ್ಕೆ ಇಳಿದಿದ್ದರೆ ಹೊರಗೆ 22 ಮಿ.ಮೀ. ಹೆಚ್ಚಾಗಿ, ತುಂಬಿದ ಕಾರಿನ ಹಿಂದಿನ ಟೈರ್ ಫೆಂಡರ್ ಅಂಚಿಗೆ ತಾಗುತ್ತಿತ್ತು. ಲೆಕ್ಕವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ವಿಧಾನ ಹೀಗೆ: ಹಿಂದಿನ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ ಹಾಗೇ ಬಿಟ್ಟು, ಹೊಸ ಚಕ್ರ ಹಾಕಿ, ಬೀಮ್‌ನ ಒಂದೇ ಬದಿಯನ್ನು ಜಾಕ್‌ನಿಂದ ಬಂಪ್ ಸ್ಟಾಪ್ ಹಿಸುಕುವವರೆಗೆ ಎತ್ತುವುದು. ಎರಡೂ ಬದಿ ಒಟ್ಟಿಗೆ ಎತ್ತಿದರೆ ಸಾಲದು. ಒಂದು ಬದಿ ಎತ್ತಿದಾಗ ಬೀಮ್ ತಿರುಚಿ ಚಕ್ರದ ತಲೆ ಬೇರೆ ದಿಕ್ಕಿಗೆ ವಾಲುತ್ತದೆ. ಮುಂದೆಯೂ ಸ್ಪ್ರಿಂಗ್ ಇಲ್ಲದ ಸ್ಟ್ರಟ್ ಹಾಕಿ ಎತ್ತಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಒಳ ಲೈನರ್ ನೋಡಬೇಕು.

ಹಾಕಿದ್ದು

ಕೊನೆಯ ಪಟ್ಟಿ ಹೀಗಾಯಿತು. ಕಂಪನಿಯ ಸ್ಪ್ರಿಂಗ್‌ಗಳು ಹಾಗೇ. ನಾಲ್ಕೂ ಶಾಕ್ ಹೊಸವು, ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಕೊಳವೆಯ), ಕಂಪನಿಯದಕ್ಕಿಂತ ಒಂದು ಮೆಟ್ಟಿಲು ಮಾತ್ರ ಬಿಗಿ. ಎರಡು ಸ್ಟ್ರಟ್ ಮೌಂಟ್, ಎರಡು ಬೇರಿಂಗ್, ನಾಲ್ಕು ಬಂಪ್ ಸ್ಟಾಪ್, ನಾಲ್ಕು ಧೂಳು ಕವಚ, ಸ್ಪ್ರಿಂಗ್ ಸೀಟ್ ರಬ್ಬರ್‌ಗಳು. ಲೋವರ್ ಆರ್ಮ್ ಬುಷ್ ಎರಡೂ ಬದಿಗೆ. ಎರಡು ಸ್ಟೆಬಿಲೈಸರ್ ಲಿಂಕ್ (ಕಾರು ವಾಲುವುದನ್ನು ತಡೆಯುವ ಬಾರ್‌ನ ಕೊಂಡಿ). 6ಜೆ ಅಗಲದ 15 ಇಂಚಿನ ನಾಲ್ಕು ಅಲಾಯ್, 185/55 ಆರ್15 82ವಿ ಟೈರ್, ನಾಲ್ಕು ಹಬ್ ಉಂಗುರ, 16 ನಟ್.

ಶಾಕ್ ಇನ್ನೂ ಬಿಗಿ ಯಾಕಲ್ಲ? ಸ್ಪ್ರಿಂಗ್‌ಗೆ ಮೀರಿದ ರೀಬೌಂಡ್ ಬಿಗಿತ (ಶಾಕ್ ಹಿಗ್ಗುವಾಗಿನ ತಡೆ) ಇದ್ದರೆ ಸಾಲುಸಾಲು ಉಬ್ಬುಗಳ ಮೇಲೆ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದುಬಿಡುತ್ತದೆ. ಪ್ರತಿ ಉಬ್ಬಿಗೂ ಕಾರು ಸ್ವಲ್ಪ ಸ್ವಲ್ಪ ತಗ್ಗುತ್ತ ಹೋಗಿ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಉಳಿದ 49 ಮಿ.ಮೀ. ಕಾಪಾಡುವುದೇ ಉದ್ದೇಶವಾದಾಗ ಅದು ಆತ್ಮಘಾತಕ.

ಮಾಲೀಕರಿಗೆ ಮೊದಲೇ ಬಿಡಿಸಿ ಹೇಳಬೇಕಾಗಿದ್ದ ಒಂದು ಮಾತಿದೆ. ಶಾಕ್ ಬದಲಿಸಿದರೆ ಕಾರು ವಾಲುವ ವೇಗ ಕಡಿಮೆಯಾಗುತ್ತದೆ, ವಾಲುವ ಪ್ರಮಾಣ ಅಲ್ಲ. ಉದ್ದನೆಯ ತಿರುವಿನಲ್ಲಿ ಕಾರು ಕೊನೆಗೆ ಅಷ್ಟೇ ವಾಲಿ ನಿಲ್ಲುತ್ತದೆ. ಅದನ್ನು ತಗ್ಗಿಸುವುದು ಸ್ಪ್ರಿಂಗ್ ಅಥವಾ ಸ್ಟೆಬಿಲೈಸರ್ ಬಾರ್. ಆದರೆ ಚಾಲಕರಿಗೆ ಅಂಜಿಕೆ ಹುಟ್ಟಿಸುವುದು ಬಹುಪಾಲು ಆ ವೇಗವೇ, ಜೊತೆಗೆ ಹರಿದ ಬುಷ್ ಮತ್ತು ಎತ್ತರದ ಟೈರ್ ಪಕ್ಕದ ಜೋಲಾಟ. ಆ ಮೂರೂ ಇಲ್ಲಿ ಸರಿಯಾಗುತ್ತವೆ.

ಜೋಡಿಸುವಾಗ

ಟ್ವಿನ್ ಟ್ಯೂಬ್ ಶಾಕನ್ನು ಮಲಗಿಸಿ ಸಾಗಿಸಿರುತ್ತಾರೆ, ಒಳಗಿನ ಗ್ಯಾಸ್ ಎಣ್ಣೆಯ ಕೋಣೆಗೆ ನುಗ್ಗಿರುತ್ತದೆ. ನೆಟ್ಟಗೆ ನಿಲ್ಲಿಸಿ ಪೂರ್ತಿ ಒತ್ತಿ, ಪೂರ್ತಿ ಎಳೆದು, ನಾಲ್ಕೈದು ಸಲ ಮಾಡಿದ ಮೇಲೆ ಉದ್ದಕ್ಕೂ ಒಂದೇ ತಡೆ ಸಿಗಬೇಕು. ಆಮೇಲೆ ಮತ್ತೆ ಮಲಗಿಸದೆ ಹಾಕಬೇಕು. ರಾಡ್‌ನ ಹೊಳಪು ಮೈಯನ್ನು ಇಕ್ಕಳದಿಂದ ಹಿಡಿಯಲೇಬಾರದು. ಒಂದು ಗೀರು ಬಿದ್ದರೆ ಸೀಲ್ ಹರಿದು ಹೊಸ ಶಾಕ್ ಸೋರುತ್ತದೆ. ಮೇಲಿನ ನಟ್ ಬಿಗಿಯುವಾಗ ರಾಡ್ ತುದಿಯ ಷಡ್ಭುಜ ಗುಂಡಿಗೆ ಅಲನ್ ಕೀ ಕೊಟ್ಟು ಹಿಡಿಯಬೇಕು, ಇಂಪ್ಯಾಕ್ಟ್ ಗನ್ ಬೇಡ.

ಸ್ಪ್ರಿಂಗ್ ಕಂಪ್ರೆಸರ್‌ನ ಎರಡು ಕೊಕ್ಕೆಗಳು ಎದುರುಬದುರಾಗಿ, ಒಂದೇ ಸಮನಾಗಿ ಬಿಗಿಯುತ್ತ ಬರಬೇಕು. ಬಿಗಿದ ಸ್ಪ್ರಿಂಗ್‌ನ ತುದಿ ಯಾರ ಮುಖದ ಕಡೆಗೂ ಇರಬಾರದು. ಕೆಳ ಸೀಟಿನಲ್ಲಿ ಒಂದು ಮೆಟ್ಟಿಲಿದೆ, ಸ್ಪ್ರಿಂಗ್ ತುದಿ ಅದಕ್ಕೆ ತಾಗಿ ಕೂರಬೇಕು. ಸ್ಟ್ರಟ್ ಬಿಚ್ಚಿದಾಗ ನಕಲ್ (ಚಕ್ರದ ಹಬ್ ಹೊರುವ ಭಾಗ) ಹೊರಕ್ಕೆ ಬೀಳದಂತೆ ತಂತಿ ಕಟ್ಟಿ. ಬಿದ್ದರೆ ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಎಬಿಎಸ್ ವೈರನ್ನು ಮೊದಲೇ ಕ್ಲಿಪ್ಪಿನಿಂದ ಬಿಡಿಸಿಡಿ. ಹಿಂದೆ ಬೀಮ್‌ಗೆ ಜಾಕ್ ಕೊಟ್ಟು ಒಂದು ಬದಿಯ ಶಾಕ್ ಬದಲಿಸಿ ಮುಗಿಸಿದ ಮೇಲೆಯೇ ಇನ್ನೊಂದು.

ಬುಷ್ ಇರುವ ಬೋಲ್ಟ್‌ಗಳ ವಿಷಯದಲ್ಲಿ ಅವಸರ ಮಾಡಿದವರು ಆರು ತಿಂಗಳಲ್ಲಿ ಮತ್ತೆ ಬುಷ್ ಕೊಳ್ಳುತ್ತಾರೆ. ರಬ್ಬರ್ ಬುಷ್ ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತದೆ, ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಜಾಕ್ ಮೇಲಿದ್ದು ಚಕ್ರ ಇಳಿಬಿದ್ದ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ಬುಷ್ ಸದಾ ತಿರುಚಿದ ಹಾಗೆ ಇರುತ್ತದೆ. ಲೋವರ್ ಆರ್ಮ್, ಹಿಂದಿನ ಶಾಕ್‌ನ ಕೆಳ ಬೋಲ್ಟ್, ಇವೆಲ್ಲ ಮೊದಲು ಕೈಬಿಗಿ ಮಾತ್ರ. ಕಾರಿನ ತೂಕ ಚಕ್ರದ ಮೇಲೆ ಬಂದ ನಂತರ, ಅಥವಾ ಜಾಕ್‌ನಿಂದ ಆರ್ಮ್ ಎತ್ತಿ ಹಬ್‌ನಿಂದ ಫೆಂಡರಿಗಿನ ಹಳೆಯ ಅಳತೆ ಬಂದ ನಂತರ, ಟಾರ್ಕ್ ವ್ರೆಂಚ್‌ನಿಂದ ಕೊನೆಯ ಬಿಗಿ.

ಸ್ಟ್ರಟ್ ಮತ್ತು ನಕಲ್ ಸೇರುವ ಎರಡು ಬೋಲ್ಟ್‌ಗಳ ರಂಧ್ರದಲ್ಲಿ ಸ್ವಲ್ಪ ಆಟವಿರುತ್ತದೆ. ಎರಡೂ ಬದಿಯಲ್ಲಿ ನಕಲ್‌ನ ತಲೆಯನ್ನು ಒಳಕ್ಕೆ ಒತ್ತಿ ಹಿಡಿದು ಬಿಗಿದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸಮನಾಗುತ್ತದೆ. ಈ ಕಾರಿನಲ್ಲಿ ಮೊದಲು ಎಡ ಮೈನಸ್ 0.2, ಬಲ ಮೈನಸ್ 0.6 ಡಿಗ್ರಿ ಇತ್ತು. ಕೊನೆಗೆ ಎಡ ಮೈನಸ್ 0.5, ಬಲ ಮೈನಸ್ 0.6. ಮುಂದಿನ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) 3 ಮಿ.ಮೀ. ಹೊರಕ್ಕೆ ಇದ್ದದ್ದು ಒಟ್ಟು 1 ಮಿ.ಮೀ. ಒಳಕ್ಕೆ ಬಂತು. ಅಲೈನ್‌ಮೆಂಟನ್ನು ಸುಮಾರು 200 ಕಿ.ಮೀ. ಓಡಿಸಿ ಬುಷ್‌ಗಳು ಕೂತ ಮೇಲೆ ಕೊನೆಯದಾಗಿ ನೋಡುವುದು ಒಳ್ಳೆಯದು. ಆದರೆ ಸ್ಟ್ರಟ್ ಬಿಚ್ಚಿದ ದಿನವೇ ಒಂದು ಸಲ ಮಾಡಿಸದೆ ರಸ್ತೆಗಿಳಿಸಬಾರದು.

ಎರಡು ತೊಂದರೆ, ಎರಡು ಕಾರಣ

ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಎಡ ಮುಂದಿನಿಂದ ಟಣ್ ಎಂಬ ಸದ್ದು ಬಂತು. ಬೇರಿಂಗ್ ಹಾಳು ಎಂದು ಯಾರಾದರೂ ಹೇಳುವ ಸದ್ದು. ಬಿಚ್ಚಿದಾಗ ಸ್ಪ್ರಿಂಗ್ ತುದಿ ಮೆಟ್ಟಿಲಿನಿಂದ ಸುಮಾರು 15 ಮಿ.ಮೀ. ದೂರ ಕೂತಿತ್ತು, ತಿರುಗಿಸಿದಾಗ ಸರಿದು ಹಾರುತ್ತಿತ್ತು. ಮರುಜೋಡಿಸಿದ ಮೇಲೆ ನಿಂತಿತು.

ಎರಡನೆಯದು 85ರಿಂದ 95 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಕ. ಬ್ಯಾಲೆನ್ಸಿಂಗ್ ಮತ್ತೆ ನೋಡಿದರೆ ಸರಿಯಾಗಿತ್ತು. ಹೊಸ ಅಲಾಯ್‌ನ ನಡು ರಂಧ್ರ 67.1 ಮಿ.ಮೀ., ಕಾರಿನ ಹಬ್ 54.1. ನಡುವಿನ ಉಂಗುರ ಇಲ್ಲದಿದ್ದರೆ ಚಕ್ರವನ್ನು ನಡುವಿಗೆ ತರುವ ಕೆಲಸವೆಲ್ಲ ನಾಲ್ಕು ನಟ್‌ಗಳ ಮೇಲೆ. ಉಂಗುರ ಇತ್ತು, ಆದರೆ ಬಲ ಹಬ್ ಬುಡದ ತುಕ್ಕಿನ ಏಣಿನ ಮೇಲೆ ಹತ್ತಿ ವಾರೆಯಾಗಿ ಕೂತಿತ್ತು. ತಂತಿ ಬ್ರಷ್‌ನಿಂದ ಹಬ್ ಮುಖ, ಅಂಚು ಎರಡನ್ನೂ ಉಜ್ಜಿ, ತೀರಾ ತೆಳ್ಳಗೆ ಗ್ರೀಸ್ ಸವರಿ, ಹೊಸ ಉಂಗುರ ಹಾಕಿದಾಗ ನಡುಕ ಹೋಯಿತು. ನಟ್‌ಗೂ ಎಳೆಗೂ ಗ್ರೀಸ್ ತಾಗಬಾರದು. ತಾಗಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ. ಚಕ್ರ ಗಾಳಿಯಲ್ಲಿರುವಾಗ ನಟ್‌ಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ, ನೆಲಕ್ಕಿಳಿಸಿ ಕೈಪಿಡಿಯ ಟಾರ್ಕ್‌ಗೆ, ಇಲ್ಲಿ 100 ನ್ಯೂಟನ್ ಮೀಟರ್, ಬಿಗಿದು, 50ರಿಂದ 100 ಕಿ.ಮೀ. ಓಡಿಸಿ ಮತ್ತೆ ನೋಡಬೇಕು.

ಪರಿಣಾಮ, ಉಳಿದದ್ದು

ತುಂಬಿದ ಕಾರು ಗುಂಡಿಯಲ್ಲಿ ಈಗಲೂ ಬಂಪ್ ಸ್ಟಾಪ್ ಮುಟ್ಟುತ್ತದೆ, ಕುಕ್ಕುವುದಿಲ್ಲ. ಖಾಲಿ ಕಾರಿನ ಹಿಂಭಾಗ ಉಬ್ಬು ದಾಟಿ ಒಂದೇ ಸಲಕ್ಕೆ ಕೂರುತ್ತದೆ. ಬ್ರೇಕಿನಲ್ಲಿ ಎಳೆಯುವುದು ನಿಂತಿದೆ, ಒದ್ದೆಯಲ್ಲಿ ಎಬಿಎಸ್ ಮೊದಲಿನಷ್ಟು ಬೇಗ ಎಚ್ಚರಗೊಳ್ಳುವುದಿಲ್ಲ. ಚೂಪು ಅಂಚಿನ ಸಣ್ಣ ಗುಂಡಿಗಳು ಮಾತ್ರ ಮೊದಲಿಗಿಂತ ಸ್ವಲ್ಪ ಹೆಚ್ಚು ತಾಗುತ್ತವೆ. ಪಕ್ಕದ ಎತ್ತರ 14 ಮಿ.ಮೀ. ಕಡಿಮೆಯಾದುದರ ಬೆಲೆ ಅದು. ಆ ಬೆಲೆ ಬೇಡ ಎನ್ನುವವರು 14 ಇಂಚಿನ ರಿಮ್‌ನಲ್ಲೇ ಉಳಿದು 175/65 ಆರ್14 ಹಾಕಿಸಬಹುದು. ವ್ಯಾಸ 583.1 ಮಿ.ಮೀ., ಹಳೆಯ 5ಜೆ ರಿಮ್‌ಗೇ ಹೊಂದುತ್ತದೆ, ಶಾಕ್ ಮತ್ತು ಬುಷ್‌ನಿಂದ ಬಂದ ಲಾಭದಲ್ಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಸ್ಟೆಪ್ನಿ ಹಳೆಯ 14 ಇಂಚಿನದೇ ಉಳಿಯಿತು. ವ್ಯಾಸದಲ್ಲಿ 2 ಮಿ.ಮೀ. ವ್ಯತ್ಯಾಸ, ಮನೆ ಸೇರಲು ಅಡ್ಡಿಯಿಲ್ಲ. ಆದರೆ ಹೊಸ ಅಲಾಯ್‌ನ ನಟ್ ರಂಧ್ರ ಕಿರಿದಾದ್ದರಿಂದ ತೆಳು ಮೈಯ ನಟ್‌ಗಳು ಬಂದಿವೆ. ಅವುಗಳ ಕೂರುವ ಮುಖ ಸ್ಟೀಲ್ ರಿಮ್‌ನ ಅಗಲ ಗುಳಿಗೆ ಪೂರ್ತಿ ತುಂಬುವುದಿಲ್ಲ. ಕಂಪನಿಯ ನಾಲ್ಕು ಹಳೆಯ ನಟ್‌ಗಳನ್ನು, ಅವುಗಳ ಅಳತೆಯ ಪಾನಾದ ಜೊತೆ, ಸ್ಟೆಪ್ನಿ ಗುಳಿಯಲ್ಲೇ ಚೀಲ ಕಟ್ಟಿ ಇಡಲಾಗಿದೆ. ಹಾಕುವಾಗ ಪ್ರತಿ ನಟ್ ಕನಿಷ್ಠ ಎಂಟು ಸುತ್ತು ಎಳೆಯೊಳಗೆ ಹೋಗುತ್ತದೆಯೇ ಎಂದು ಎಣಿಸಿ ನೋಡಬೇಕು.